ಅಲ್ಲೆಷ್ಟು
ನಮ್ಮ ಅಂಕಿಅಂಶ ಕಚೇರಿಯ ಹಿರಿಯ ಗುಮಾಸ್ತರನ್ನು ಎಲ್ಲರೂ ಬೆನ್ನ ಹಿಂದೆ ‘ಅಲ್ಲೆಷ್ಟು’ ಎಂದೇ ಕರೆಯುತ್ತಿದ್ದೆವು. ನಮ್ಮದೂ ಪಕ್ಕದ್ದೂ ಪುಟ್ಟ ಬಡ ದೇಶಗಳು. ಸೂಜಿಯಿಂದ ಸಿಮೆಂಟಿನವರೆಗೆ ಎಲ್ಲವೂ ಹೊರಗಿನಿಂದಲೇ ಬರಬೇಕು. ಆ ಆಮದಿನ ಬೆಲೆ ಎರಡೂ ಕಡೆ ಹೇಗೆ ಏರಿಳಿಯುತ್ತದೆಂದು ಹೋಲಿಸುವುದು ಅವರ ಮೂವತ್ತು ವರ್ಷದ ಕೆಲಸ. ಅವರ ನಕ್ಷೆಯಲ್ಲಿ ನಮ್ಮ ಬೆಲೆಗೆ ಕೆಂಪು ಗೆರೆ, ಪಕ್ಕದ ದೇಶದ್ದಕ್ಕೆ ನೀಲಿ. ಯಾರಾದರೂ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದರೆ, "ಚೆನ್ನಾಗಿದೆಯಪ್ಪ, ಆದ್ರೆ ಅಲ್ಲೆಷ್ಟು ಗೊತ್ತಾ?" ಎನ್ನುವರು. ಮಗಳ ಮದುವೆಯ ದಿನವೂ ಬೀಗರನ್ನು ಪಕ್ಕಕ್ಕೆ ಕೂರಿಸಿಕೊಂಡು ಗೋಧಿಹಿಟ್ಟಿನ ದರ ಬಿಡಿಸಿ ಹೇಳಿದ್ದರಂತೆ. ನೀಲಿ ಗೆರೆ ಮೇಲೇರಿದರೆ ಪಂದ್ಯ ಗೆದ್ದವರಂತೆ ಮೀಸೆ ತೀಡುವರು. ಒಮ್ಮೆ ಇನ್ಸುಲಿನ್ನಿನ ನೀಲಿ ಗೆರೆ ಹಾಳೆಯ ಅಂಚನ್ನೇ ದಾಟಿತು. ಇನ್ನೊಂದು ಹಾಳೆ ಅಂಟಿಸಿ ಎಳೆದು, ಎಲ್ಲರನ್ನೂ ಕರೆದು ತೋರಿಸಿದರು. ಎರಡು ತಿಂಗಳಲ್ಲಿ, ಆ ದೇಶಕ್ಕೆ ಮದುವೆಯಾಗಿ ಹೋಗಿದ್ದ ಅವರ ತಂಗಿ ತೀರಿಕೊಂಡ ಸುದ್ದಿ ಬಂತು. ಸಕ್ಕರೆ ಕಾಯಿಲೆ, ಬೆಲೆ ಕೈಗೆಟುಕದೆ ಅರ್ಧರ್ಧವೇ ಔಷಧಿ ಚುಚ್ಚಿಕೊಳ್ಳುತ್ತಿದ್ದರಂತೆ. ಮಣ್ಣು ಮಾಡಿ ಬಂದ ಗುಮಾಸ್ತರು ನನ್ನ ಮೇಜಿನ ಬಳಿಗೆ ಬಂದರು. "ಇಲ್ಲಿ ಅಗ್ಗವಾಗೇ ಇತ್ತಪ್ಪ," ಎಂದರು. "ನಿಂಗೆ ಔಷಧಿ ಸಿಗ್ತಿದೆಯೇನಮ್ಮಾ ಅಂತ ಒಂದು ಮಾತು ನಾನು ಕೇಳ್ಲಿಲ್ವಲ್ಲ."