ಕುರಿ ಬಯಲಿನಾಚೆಯ ಕಡಲು

ಒದ್ದೆ ಉಣ್ಣೆಗೊಂದು ವಾಸನೆಯಿದೆ, ಗಮನಿಸಿದ್ದೀರಾ? ಇವತ್ತು ಬೆಳಿಗ್ಗೆ ಮೆಲ್ಬರ್ನ್ ಅಂಚಿನ ಕ್ರೇಗಿಬರ್ನಿನ ನಮ್ಮ ಹಿತ್ತಲಲ್ಲಿ ಮಗಳ ಸ್ವೆಟರ್ ಒಣಹಾಕುವಾಗ ಅದು ಮೂಗಿಗೆ ಬಡಿಯಿತು. ಕ್ಲಿಪ್ಪನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟೆ.

ಎರಡು ಸಾವಿರದ ನಂತರದ ಮೊದಲ ವರ್ಷಗಳು. ಓದು ಮುಗಿಸಿ ಪಿಆರ್‌ಗೆ, ಅಂದರೆ ಆಸ್ಟ್ರೇಲಿಯಾದಲ್ಲಿ ಖಾಯಂ ನೆಲೆಸುವ ಪರವಾನಗಿಗೆ, ಕಾಯುತ್ತಿದ್ದೆ. ಸುಮತಿ ನನ್ನನ್ನು ಮದುವೆಯಾಗಿ ದಾವಣಗೆರೆಯಿಂದ ಮೆಲ್ಬರ್ನ್‌ಗೆ ಬಂದು ಕೆಲವೇ ವಾರಗಳಾಗಿದ್ದವು. ಅವಳು ಸಮುದ್ರವನ್ನೇ ಕಂಡವಳಲ್ಲ. ತೋರಿಸೋಣವೆಂದು ಹಳೆಯ ಕಾರಿನಲ್ಲಿ ದಕ್ಷಿಣಕ್ಕೆ ಹೊರಟೆವು. ಕುರಿ ಮೇಯುವ ಬಯಲು ದಾಟಿ ಮರಳುದಿಬ್ಬ ಹತ್ತಿದರೆ ಎದುರಿಗೇ ಕಡಲು. ಅಂಗಡಿಯಿಲ್ಲ, ಕಾವಲಿನವರಿಲ್ಲ. ಬೇಸಿಗೆಯಲ್ಲೂ ಗಾಳಿ ಫ್ರಿಜ್ಜಿನ ಬಾಗಿಲು ತೆರೆದಂತೆ ಬೀಸುತ್ತಿತ್ತು. ಸುಮತಿ ದಿಬ್ಬದ ಮೇಲೇ ನಿಂತು ಆ ತುದಿಯಿಂದ ಈ ತುದಿಗೆ ನೋಡಿದಳು. ಆಮೇಲೆ, "ಇಷ್ಟು ದೊಡ್ಡದನ್ನ ಯಾರೂ ಏನೂ ಮಾಡದೆ ಹಂಗೇ ಬಿಟ್ಟಾರಲ್ರೀ," ಎಂದಳು.

ಭದ್ರಾ ಕಾಲುವೆಯಲ್ಲಿ ಈಜು ಕಲಿತ ಶೂರ ನಾನು. ಹೊಸ ಹೆಂಡತಿಯೆದುರು ಸುಮ್ಮನಿರಲಾದೀತೆ? ಇಳಿದೆ. ನೀರು ಮೊದಲು ಕಾಲಡಿಯ ಮರಳನ್ನು ಸೆಳೆಯಿತು, ಆಮೇಲೆ ನನ್ನನ್ನೂ. ದಡದತ್ತ ಈಜಿದಷ್ಟೂ ಸುಮತಿ ಚಿಕ್ಕವಳಾಗುತ್ತ ಹೋದಳು. ತೋಳು ಸೋತವು.

ಆಗ, ನಾಯಿಯೊಂದಿಗೆ ನಡೆದು ಬರುತ್ತಿದ್ದ ಬಿಳಿಗೂದಲಿನ ಹೆಂಗಸೊಬ್ಬರು ನೀರಿನಂಚಿಗೆ ಓಡಿಬಂದರು. "ಫ್ಲೋಟ್, ಜಸ್ಟ್ ಫ್ಲೋಟ್," ಎಂದು ಕೂಗಿದರು. ಪಕ್ಕಕ್ಕೆ ಬಾ ಎಂದು ಕೈಬೀಸುತ್ತ, ನನ್ನ ಮೇಲಿನ ಕಣ್ಣು ತೆಗೆಯದೆ ದಡದುದ್ದಕ್ಕೂ ನಡೆದರು. ನಾನು ಅಂಗಾತವಾಗಿ ತೇಲಿದೆ. ಸೆಳೆತ ಸಡಿಲಾದಾಗ ಓರೆಯಾಗಿ ಕೈಬಡಿದೆ. ಕೊನೆಗೆ ಅಲೆಯೊಂದು ನನ್ನನ್ನು ಮರಳಿಗೆ ಎಸೆಯಿತು.

ಆಕೆ ತಮ್ಮ ಉಣ್ಣೆ ಸ್ವೆಟರ್ ಬಿಚ್ಚಿ ನನಗೆ ಸುತ್ತಿದರು. ಬೈಯಲಿಲ್ಲ. ಸುಮತಿಗೆ ಇಂಗ್ಲಿಷ್ ಪೂರ್ತಿ ಮರೆತುಹೋಗಿತ್ತು. ಆಕೆಯ ಕೈ ಹಿಡಿದು, "ಅಮ್ಮಾ, ನನ್ ಸಂಸಾರ ಉಳಿಸಿದ್ರಿ," ಎಂದು ಅತ್ತಳು. "ಐ ನೋ ಡಾರ್ಲಿಂಗ್, ಐ ನೋ," ಎಂದರು ಆಕೆ, ಎಲ್ಲ ತಿಳಿದವರಂತೆ. ಸ್ವೆಟರ್ ನೀವೇ ಇಟ್ಟುಕೊಳ್ಳಿ ಎಂದು ಹೇಳಿ, ನಾಯಿಯನ್ನು ಕರೆದು ನಡೆದೇಬಿಟ್ಟರು. ಹೆಸರು ಕೇಳುವಷ್ಟು ಬುದ್ಧಿ ನಮ್ಮಿಬ್ಬರಿಗೂ ಓಡಲಿಲ್ಲ.

ಆಮೇಲೆ ಪಿಆರ್ ಬಂತು, ಮಗಳು ಹುಟ್ಟಿದಳು, ಮನೆಯಾಯಿತು. ದೀಪ ಹಚ್ಚುವಾಗ ಸುಮತಿ, "ಆ ಅಮ್ಮ ಎಲ್ಲೇ ಇರ್ಲಿ, ಚಂದಾಗಿರ್ಲಿ," ಅನ್ನುವುದು ಮಾತ್ರ ತಪ್ಪಿಲ್ಲ. ಅಂದಿನಿಂದ ನೀರೆಂದರೆ ನಡುಗುತ್ತಿದ್ದವಳು ಈ ವರ್ಷ, ನಲವತ್ತು ದಾಟಿದ ಮೇಲೆ, ಈಜು ಕ್ಲಾಸಿಗೆ ಸೇರಿದ್ದಾಳೆ.

ಬಟ್ಟೆ ಒಣಹಾಕಿ ಅವಳನ್ನು ಕರೆತರಲು ಪೂಲಿಗೆ ಹೋದೆ. ಕ್ಲಾಸು ಮುಗಿದಿತ್ತು. ಸುಮತಿ ಕಣ್ಣು ಮುಚ್ಚಿ ನೀರಿನ ಮೇಲೆ ಮಲಗಿದ್ದಳು. ಹೆಸರು ಹಿಡಿದು ಕರೆದೆ.

"ಸ್ವಲ್ಪ ತಡೀರಿ," ಎಂದಳು, ಕಣ್ಣು ತೆರೆಯದೆ. "ನೀರು ನನ್ನ ಎತ್ಕಂಡೈತಿ."

ನಾನು ಬೆಂಚಿನ ಮೇಲೆ ಕೂತೆ. ಮನೆಗೆ ಹೋಗಲು ಅವಸರವೇನಿತ್ತು.