ಹಿಂದಿನ ಗಲ್ಲಿಯ ಬಿಳಿ ಕೊಪ್ಪೆ

ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಎರಡೂ ಕಡೆ ಮನೆ, ಮನೆಗೊಂದು ಕಟ್ಟೆ, ಕಟ್ಟೆಗೊಬ್ಬಿಬ್ಬರು ಹೆಂಗಸರು. ಸಂಜೆಯಾದರೆ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತ ಕೂರುತ್ತಿದ್ದರು. ಕೈ ಮೊರದಲ್ಲಿ, ಕಣ್ಣು ದಾರಿಯಲ್ಲಿ. ಬೇಳೆಯಲ್ಲಿ ಕಲ್ಲು ಹುಡುಕಿದ ಹಾಗೆ ಹೋಗಿಬರುವವರಲ್ಲೂ ಏನಾದರೊಂದು ಹುಡುಕಿ ತೆಗೆಯುತ್ತಾರೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಬಸ್‌ಸ್ಟ್ಯಾಂಡಿನಿಂದ ಮನೆ ಸೇರಲು ಆ ಓಣಿಯನ್ನು ಪೂರ್ತಿ ದಾಟಬೇಕು. ಓಣಿಯ ಬಾಯಿಗೆ ಬಂದ ಕೂಡಲೇ ನನಗೆ ನಡೆಯುವುದೇ ಮರೆತುಹೋಗುತ್ತಿತ್ತು. ಕೈ ಬೀಸಿದರೆ ಬಿಂಕ ಎನ್ನುತ್ತಾರೆ, ಬೀಸದಿದ್ದರೆ ಕಾಯಿಲೆ ಎನ್ನುತ್ತಾರೆ. ತಲೆ ಎತ್ತಿದರೆ ಸೊಕ್ಕು, ತಗ್ಗಿಸಿದರೆ ಏನೋ ಮುಚ್ಚಿಡುತ್ತಿದ್ದಾಳೆ. ನಗೋಣವೆಂದು ಹೊರಟ ಮುಖ ಅರ್ಧಕ್ಕೇ ಸಿಕ್ಕಿಕೊಂಡು ಹಾಗೇ ಉಳಿಯುತ್ತಿತ್ತು.

"ಈಗ ಬಂದ್ಯಾ ತಂಗಿ?" ಎಂದು ಮೊದಲ ಕಟ್ಟೆಯ ಹೆಂಗಸು ಕೇಳುತ್ತಿದ್ದಳು. "ಹೌದ್ರಿ ಕಾಕು" ಎಂದರೆ ಮುಗಿಯಿತು. ಆ ಎರಡು ಮಾತು ಆಡಿ ಮನೆಗೆ ಬಂದು, ಮಲಗುವವರೆಗೂ ಅದನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ದನಿ ಗಡುಸಾಯಿತೇ, ಆಕೆ ಯಾಕೆ ಪಕ್ಕದವಳ ಕಡೆ ತಿರುಗಿದಳು, ನನ್ನ ಓಢಣಿ ಜಾರಿತ್ತೇ. ಅವ್ವನಿಗೆ ಇದು ತಿಳಿಯುವ ಮಾತಾಗಿರಲಿಲ್ಲ. "ಮಂದಿ ಏನ್ ನಿನ್ನ ತಿಂತಾರೇನ?" ಎನ್ನುತ್ತಿದ್ದಳು. ತಿನ್ನುವುದಾದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ಹುಮನಾಬಾದಿನ ಒಂದು ಔಷಧಿ ಕಾರ್ಖಾನೆಯಲ್ಲಿ ನನಗೆ ಪ್ಯಾಕಿಂಗ್ ಕೆಲಸ ಸಿಕ್ಕಿತು. ಅಲ್ಲಿ ಎಲ್ಲರಿಗೂ ತಲೆಗೆ ಟೋಪಿ, ಬಾಯಿಗೆ ಮಾಸ್ಕ್, ಮೈಗೆ ಬಿಳಿ ಗೌನು. ಯಾರು ಚೆಲುವೆ, ಯಾರ ಹಲ್ಲು ಉಬ್ಬು, ಯಾರ ಮುಖ ಸಿಕ್ಕಿಕೊಂಡಿದೆ, ಒಂದೂ ಕಾಣದು. ಯಂತ್ರದ ಸದ್ದಿನಲ್ಲಿ ಮಾತಾಡುವ ಹಂಗೂ ಇಲ್ಲ. ಬಿಳಿಯ ಪುಡಿಯ ಆ ಕೋಣೆಯಲ್ಲಿ ನಾನು ಸುಖವಾಗಿದ್ದೆ. ಸಂಜೆ ಗೌನು ಕಳಚಿ ಗೂಟಕ್ಕೆ ಹಾಕುವಾಗ ಚರ್ಮವನ್ನೇ ಬಿಚ್ಚಿಟ್ಟು ಹೊರಟ ಹಾಗಾಗುತ್ತಿತ್ತು.

ಆ ವರ್ಷದ ಮಳೆಗಾಲದಲ್ಲಿ ನನ್ನ ಕೊಡೆ ಗಾಳಿಗೆ ಮುರಿಯಿತು. ಅವ್ವ ಗೊಬ್ಬರದ ಬಿಳಿ ಚೀಲವೊಂದನ್ನು ಕೊಪ್ಪೆ ಮಾಡಿ ಕೊಟ್ಟಳು. ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿದರೆ ಆಯಿತು. ತಲೆಯ ಮೇಲೆ ಚೂಪಾಗಿ ನಿಂತು, ಮುಖಕ್ಕೆ ನೆರಳು ಮಾಡಿ, ಬೆನ್ನನ್ನು ಮೊಣಕಾಲಿನವರೆಗೂ ಮುಚ್ಚುತ್ತದೆ. ಹೊಲಕ್ಕೆ ಹೋಗುವವರು ಹಾಕಿಕೊಳ್ಳುವುದು ಅದು. ಕಾರ್ಖಾನೆಗೆ ಹೋಗುವ ಹುಡುಗಿ ಕೊಪ್ಪೆ ಹಾಕಿಕೊಂಡು ಓಣಿಯಲ್ಲಿ ಬಂದರೆ ಕಟ್ಟೆಯವರಿಗೆ ಹಬ್ಬ. ಬಸ್ಸಿಳಿದು ಓಣಿಯ ಬಾಯಲ್ಲಿ ನಿಂತೆ. ಮುಂದೆ ಕಾಲು ಏಳಲಿಲ್ಲ. ಪಕ್ಕಕ್ಕೆ ತಿರುಗಿ ಹಿಂದಿನ ಗಲ್ಲಿಗೆ ಇಳಿದೆ.

ನಮ್ಮ ಸಾಲಿನ ಮನೆಗಳ ಹಿತ್ತಲ ಗೋಡೆಗೂ ಒಂದು ಹಳೆಯ ಕಲ್ಲುಗೋಡೆಗೂ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ಹಿಂದೆ ಪಾಯಖಾನೆ ಬಳಿಯುವವರು ಬಂದುಹೋಗಲೆಂದು ಬಿಟ್ಟ ದಾರಿ ಅದು. ಅವರು ಓಣಿಯಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಮಾಡಿದ್ದು. ಮನೆಗಳಿಗೆ ಹೊಸ ಪಾಯಖಾನೆ ಬಂದ ಮೇಲೆ ಅಲ್ಲಿ ಯಾರೂ ಕಾಲಿಟ್ಟಿರಲಿಲ್ಲ. ಬೇರೆಯವರನ್ನು ಬಲವಂತದಿಂದ ನಡೆಸಿದ ದಾರಿಗೆ ನಾನು ಖುಷಿಯಿಂದ ಇಳಿದೆ ಎಂಬುದು ಆಗ ಹೊಳೆಯಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನೆಲದ ತುಂಬ ಪಾಚಿ, ಕೊಳೆತ ಎಲೆ. ಹೆಜ್ಜೆಯ ಸದ್ದು ನನಗೇ ಕೇಳುತ್ತಿರಲಿಲ್ಲ. ಒಂದೊಂದು ಮನೆಯ ಹಿಂಗೋಡೆಯಲ್ಲೂ ಅಡುಗೆಮನೆಯ ಸಣ್ಣ ಕಿಟಕಿ, ನನ್ನ ತಲೆಗಿಂತ ಎತ್ತರದಲ್ಲಿ. ರೊಟ್ಟಿ ಬಡಿಯುವ ಸಪ್ಪಳ, ಒಗ್ಗರಣೆಯ ವಾಸನೆ, ಮಾತು. ಮಳೆ ಬಂದರೂ ಬರದಿದ್ದರೂ ಕೊಪ್ಪೆ ಹಾಕಿಕೊಂಡು ದಿನಾ ಅಲ್ಲೇ ಬರತೊಡಗಿದೆ. ಕಿಟಕಿಯ ಕೆಳಗೆ ಬಂದಾಗೆಲ್ಲ ಕಿವಿ ತಾನಾಗಿ ನೆಟ್ಟಗಾಗುತ್ತಿತ್ತು. ನನ್ನ ಬಗ್ಗೆ ಏನಾದರೂ ಆಡಿಕೊಳ್ಳುತ್ತಾರೋ ಎಂದು. ಯಾವ ಕಿಟಕಿಯಲ್ಲೂ ಯಾರೂ ನನ್ನ ಮಾತೆತ್ತಲಿಲ್ಲ. ಅದೂ ಒಂದು ಬಗೆಯ ಅವಮಾನ ಅನ್ನಿಸಿತು ಎಂದರೆ ನನ್ನ ತಲೆ ಹೇಗಿತ್ತೆಂದು ತಿಳಿದುಕೊಳ್ಳಿ.

ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಮುಖ ತೊಳೆಯುವಾಗ ಅವ್ವ ಕಟ್ಟೆಯಿಂದ ಎದ್ದು ಬರುತ್ತಿದ್ದಳು. "ಯಾವಾಗ ಬಂದಿ? ಗೊತ್ತೇ ಆಗಲಿಲ್ಲಲ್ಲ" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದಳು.

ಒಂದು ದಿನ ಗಲ್ಲಿಯ ತಿರುವಿನಲ್ಲಿ ನಿವಾಳಿಸಿ ಇಟ್ಟದ್ದು ಕಂಡಿತು. ಅರಿಶಿನ ಕಲಸಿದ ಅನ್ನದ ಮುದ್ದೆ, ಮೇಲೆ ಕುಂಕುಮ, ಪಕ್ಕದಲ್ಲಿ ಕೊಯ್ದ ನಿಂಬೆಹಣ್ಣು. ದಾಟದೆ ಗೋಡೆಗೆ ಒತ್ತಿಕೊಂಡು ಬಂದೆ. ಅಂದೇ ಅವ್ವ ಹೇಳಿದಳು: "ಹಿಂದಿನ ಗಲ್ಲಿಯೊಳಗ ಏನೋ ತಿರಗಾಕತ್ತದಂತ. ದೀಪಾ ಹಚ್ಚೋ ಹೊತ್ತಿಗಿ ಹಿತ್ತಲ ಕಡೀ ಹೋಗಬ್ಯಾಡ."

ಅದು ನಿತ್ಯ ನನ್ನ ಹಿಂದೆಯೇ ನಡೆದಿರಬಹುದು ಅನ್ನಿಸಿತು. ಮರುದಿನ ಓಣಿಯಲ್ಲೇ ಹೋಗುವುದೆಂದು ನಿಶ್ಚಯಿಸಿ ಬಸ್ಸಿಳಿದೆ. ಕಟ್ಟೆಗಳ ಮೇಲೆ ಮೊರಗಳು ಆಡುತ್ತಿದ್ದವು. ಈ ಕಡೆ ಇವರು, ಆ ಕಡೆ ಅದು. ಬಹಳ ಹೊತ್ತೇನೂ ಯೋಚಿಸಲಿಲ್ಲ. ದೆವ್ವವೇ ವಾಸಿ ಎನಿಸಿ ಗಲ್ಲಿಗೆ ಇಳಿದೆ.

ಅವಸರದಲ್ಲಿ ಹೋಗುತ್ತಿರುವಾಗ ಒಂದು ಕಿಟಕಿಯಿಂದ ಮಾತು ಕೇಳಿಸಿತು. "ಬೆಳ್ಳಗ ಅದರಿ. ತಲಿ ಚೂಪ್. ಮುಖಾನೇ ಇಲ್ಲ. ನಡದ್ರ ಕಾಲ ಸಪ್ಪಳಾ ಇಲ್ಲ." ನಾನು ಮೊದಲು ಹಿಂದಕ್ಕೆ ತಿರುಗಿ ನೋಡಿದೆ. ಪಾಚಿಯ ಮೇಲೆ ಮಬ್ಬು ಬೆಳಕು ಬಿದ್ದಿತ್ತು, ಯಾರೂ ಇರಲಿಲ್ಲ. ಆಮೇಲೆ ಕೈ ಎತ್ತಿ ನನ್ನ ತಲೆಯ ಮೇಲಿನ ತುದಿಯನ್ನು ಮುಟ್ಟಿಕೊಂಡೆ.

ಅಲ್ಲಿಗೆ ಬಿಡಬೇಕಿತ್ತು, ಬಿಡಲಿಲ್ಲ. ಇನ್ನೊಂದು ಸಂಜೆ ತಿರುವಿನಲ್ಲಿ ನಿಂತಿದ್ದಾಗ ಮೊದಲ ಕಟ್ಟೆಯ ಆ ಹೆಂಗಸೇ ನಿವಾಳಿ ಹಿಡಿದು ಬಂದಳು. ನಾನು ಕಲ್ಲುಗೋಡೆಯ ಸಂದಿಯಲ್ಲಿ ಅಡಗಿದೆ. ಅವಳು ಅನ್ನದ ಮುದ್ದೆ ಇಟ್ಟು, ತಿರುಗಿ ಹೊರಟಳು. ಇಟ್ಟು ಹೋಗುವವರು ಹಿಂದಿರುಗಿ ನೋಡಬಾರದು. ನನ್ನ ಉಸಿರು ಕೇಳಿಸಿತೋ ಏನೋ, ಅವಳ ಹೆಗಲು ಬಿಗಿಯಾಯಿತು. ಆದರೂ ತಿರುಗಲಿಲ್ಲ. ನಾನು ಸಂದಿಯಿಂದ ಹೊರಗೆ ಬಂದು ದಾರಿಯ ನಡುವೆ ನಿಂತು ಅವಳ ಬೆನ್ನನ್ನು ಕಣ್ತುಂಬ ನೋಡಿದೆ. ದಿನಾ ನನ್ನನ್ನು ನೋಡುತ್ತಿದ್ದವಳು ಈಗ ನೋಡಲಾರಳು. ಅದಕ್ಕೊಂದು ಶಾಸ್ತ್ರವೇ ಇತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಮನೆಗೆ ಬಂದು ಮುಖ ತೊಳೆಯುವಾಗ ಆ ಸಂತೋಷಕ್ಕೇ ಹೆದರಿಕೆಯಾಯಿತು.

ನಮ್ಮ ಸಾಲಿನ ನಡುವಿನ ಮನೆಯೊಂದಕ್ಕೆ ಆ ಬೇಸಿಗೆಯಲ್ಲಿ ಮಂಠಾಳದ ಕಡೆಯಿಂದ ಹೊಸ ಸೊಸೆ ಬಂದಿದ್ದಳು. ನಾನು ಅವಳನ್ನು ಮದುವೆಯಲ್ಲಿ ಕಂಡದ್ದಷ್ಟೇ. ಅವಳಿಗೆ ಜ್ವರ ಹಿಡಿದಿದೆ, ಹಿತ್ತಲ ಕಿಟಕಿಯಲ್ಲಿ ಅದನ್ನು ಕಂಡಳಂತೆ, ಅನ್ನ ಬಿಟ್ಟಿದ್ದಾಳೆ, ಮಾತು ಬಿಟ್ಟಿದ್ದಾಳೆ ಎಂದು ಅವ್ವ ಹೇಳಿದಳು. ಡಾಕ್ಟರ ಔಷಧಿ ಹತ್ತಲಿಲ್ಲ. ಗಾಳಿ ಸೋಕಿದೆ ಎಂದಾಯಿತು. ರಾಜ್ಯದ ಗಡಿಯಾಚೆಯ ಹಳ್ಳಿಯೊಂದರಲ್ಲಿ ಗಾಳಿ ಬಿಡಿಸುವವನಿದ್ದ. ಮೆಣಸಿನಕಾಯಿ ಹೊಗೆ ಹಾಕಿ, ಹುಣಸೆ ಬರಲಿನಿಂದ ಹೊಡೆದು ಕೇಳುತ್ತಾನೆ, ಯಾರು ನೀನು ಎಂದು.

"ಅದು ಹೆಸರ ಹೇಳೋತನಕ ಬಿಡಂಗಿಲ್ಲಂತ," ಎಂದಳು ಅವ್ವ. "ಆಗಲೂ ಬಿಡಲಿಲ್ಲಂದ್ರ ತವರಿಗಿ ಕಳಸ್ತಾರ."

ಹೆಸರು ಹೇಳುವವರೆಗೆ. ಆ ಹುಡುಗಿಗೆ ಗೊತ್ತಿರದ ಆ ಹೆಸರು ನನ್ನದಾಗಿತ್ತು. ಹೇಳಿದರೆ ಓಣಿಯೇ ನನ್ನ ಮೇಲೆ ತಿರುಗುತ್ತದೆ. ಸಂಜೆ ಹೊತ್ತು ಕಳ್ಳದಾರಿಯಲ್ಲಿ ಓಡಾಡುವ ಮದುವೆಯಾಗದ ಹುಡುಗಿಯ ಬಗ್ಗೆ ಮಂದಿ ಏನೆನ್ನುತ್ತಾರೆ ಎಂಬುದಕ್ಕೆ ಹೆಚ್ಚಿನ ಬುದ್ಧಿ ಬೇಕಿಲ್ಲ. ಹೇಳದಿದ್ದರೆ ಅವಳ ಬೆನ್ನ ಮೇಲೆ ಹುಣಸೆ ಬರಲಿನ ಏಟು.

ಅವಳನ್ನು ಕರೆದೊಯ್ಯುವ ದಿನ ನನಗೆ ವಾರದ ರಜೆ. ಮಧ್ಯಾಹ್ನ ಅವರ ಮನೆಯ ಮುಂದೆ ಜೀಪು ಬಂದು ನಿಂತಿತು. ಕೊಪ್ಪೆಯನ್ನು ಕಂಕುಳಲ್ಲಿ ಮಡಚಿಟ್ಟುಕೊಂಡು ಓಣಿಯ ನಡುವೆಯೇ ನಡೆದೆ. ಕಟ್ಟೆಗಳು ಖಾಲಿ ಇದ್ದವು. ಎಲ್ಲ ಹೆಂಗಸರೂ ಆ ಮನೆಯ ಪಡಸಾಲೆಯಲ್ಲಿ ಸೇರಿದ್ದರು. ನಾನು ಹೊಸ್ತಿಲು ದಾಟಿದೆ. ಅಷ್ಟೂ ಮುಖಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಹುಟ್ಟಿದಂದಿನಿಂದ ನಾನು ಯಾವುದಕ್ಕೆ ಹೆದರುತ್ತಿದ್ದೆನೋ ಅದೇ ಇದು.

"ಕಾಕು, ಒಯ್ಯಬ್ಯಾಡ್ರಿ," ಎಂದೆ ಅವಳ ಅತ್ತೆಗೆ. ದನಿ ನನ್ನದಲ್ಲ ಎನಿಸಿತು. "ಗಲ್ಲಿಯೊಳಗ ತಿರಗ್ತಿದ್ದದ್ದು ನಾನ್ರಿ."

ಕೊಪ್ಪೆ ಬಿಚ್ಚಿ ತಲೆಗೆ ಹಾಕಿಕೊಂಡೆ. ಯಾರೋ ಕಿಟ್ಟನೆ ಚೀರಿದರು. ಆಮೇಲೆ ಒಂದೇ ಸಮನೆ ಮಾತು ಎದ್ದಿತು.

"ಅಲ್ಲಿ ಯಾಕ ಹೋಗ್ತಿದ್ದಿ? ಯಾರ್ ಬರ್ತಿದ್ರು?"

"ಯಾರೂ ಇಲ್ರಿ."

"ಯಾರೂ ಇಲ್ಲಂದ್ರ ಆ ಹೇಸಿ ಗಲ್ಲಿಯೊಳಗ ಹೆಣ್ಮಗಳಿಗಿ ಏನ್ ಕೆಲಸ?"

"ನೀವು ಎಲ್ಲಾರೂ ನೋಡ್ತೀರಂತ," ಎಂದೆ. "ಓಣಿಯೊಳಗ ಬಂದ್ರ ನೋಡ್ತೀರಂತ."

ಮೊದಲ ಕಟ್ಟೆಯ ಹೆಂಗಸು ಬಾಯಿ ತೆರೆದಳು. "ನಾವು? ನಿನ್ನ? ನಮಗೇನ್ ಬ್ಯಾರೆ ಕೆಲಸ ಇಲ್ಲೇನ ತಂಗಿ?" ಎಂದಳು. ಒಬ್ಬಿಬ್ಬರು ನಕ್ಕರು. ಅವ್ವ ಬಾಗಿಲ ಬಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಆಮೇಲೆ ಒಂದೆರಡು ವರ್ಷ ಓಣಿ ನನ್ನ ಬಗ್ಗೆ ಮಾತಾಡಿತು; ಹೆಣ್ಣು ನೋಡಲು ಬರುತ್ತೇವೆ ಎಂದಿದ್ದ ಒಂದು ಕಡೆಯವರು ಬರಲೇ ಇಲ್ಲ. ಸಾಯುತ್ತೇನೆ ಅಂದುಕೊಂಡಿದ್ದೆ, ಸಾಯಲಿಲ್ಲ. ಆದರೆ ಆ ಮಧ್ಯಾಹ್ನ ನನಗೆ ಅವರ ಯಾರ ಮಾತೂ ಸರಿಯಾಗಿ ಕೇಳುತ್ತಿರಲಿಲ್ಲ. ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದ ಆ ಹುಡುಗಿ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು.

ನಾನು ಕೊಪ್ಪೆ ತೆಗೆದು ಅವಳ ಮುಂದೆ ಕುಳಿತೆ. "ನೋಡ್ರಿ, ಚೀಲ ಅದ. ಗೊಬ್ಬರದ ಚೀಲ," ಎಂದೆ. ಅವಳು ಬೆರಳ ತುದಿಯಿಂದ ಚೀಲ ಮುಟ್ಟಿದಳು. ನನ್ನ ಕೆನ್ನೆಯನ್ನೂ ಮುಟ್ಟಿದಳು. ಎಷ್ಟೋ ದಿನದಿಂದ ಆಡದ ಬಾಯಿ ತೆರೆಯಿತು.

"ದಿನಾ ನಿಂತು ಯಾಕ ನನ್ನ ನೋಡ್ತಿದ್ರಿ?"

"ನಾ ನೋಡಿಲ್ರಿ. ನಿಮ್ಮ ಖಿಡಕಿ ಕಡೀ ಒಮ್ಮಿನೂ ತಲಿ ಎತ್ತಿಲ್ಲ."

"ನೋಡ್ತಿದ್ರಿ," ಎಂದಳು ಅವಳು. ಸಿಟ್ಟಿರಲಿಲ್ಲ, ಕಂಡದ್ದನ್ನು ಹೇಳುತ್ತಿದ್ದಳು. "ಮುಂದ ಕುಂತ್ರ ಎಲ್ಲಾರೂ ಹೊಸ ಸೊಸಿ ಅಂತ ನೋಡ್ತಾರಂತ ನಾ ಹಿಂದಿನ ಖೋಲಿಯೊಳಗ ಇರ್ತಿದ್ದೆ. ಅಲ್ಲಿ ನೀವು ಬಂದ್ರಿ. ನಾ ಹ್ಯಾಂಗ ನಿಂದರ್ತೀನಿ, ಹ್ಯಾಂಗ ಉಣ್ತೀನಿ, ಎಲ್ಲಾ ನೋಡಿ ಇಟ್ಕೋತಿದ್ರಿ."

ಆ ಮಾತುಗಳು ನನ್ನವು. ಕಟ್ಟೆಯ ಹೆಂಗಸರ ಬಗ್ಗೆ ನಾನು ಇಷ್ಟು ವರ್ಷ ಯಾರಿಗೂ ಹೇಳದೆ ಒಳಗೇ ಆಡಿಕೊಂಡದ್ದು ಅದನ್ನೇ. ಇಲ್ಲ ಎಂದು ಎಷ್ಟು ಆಣೆ ಇಟ್ಟರೂ ಅವಳು ನಂಬುವುದಿಲ್ಲ ಎಂದು ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಬೇಕು?

ಅತ್ತೆ ಹೊರಗೆ ಹೋಗಿ ಜೀಪಿನವನನ್ನು ಕಳಿಸಿ ಬಂದಳು. ಒಳಗಿನಿಂದ ತಾಟಿನಲ್ಲಿ ಜೋಳದ ರೊಟ್ಟಿ, ಬೇಳೆ ತಂದು ಸೊಸೆಯ ಮುಂದಿಟ್ಟಳು. "ಉಣ್ಣವ್ವ, ದೆವ್ವಲ್ಲ, ಮನಶ್ಯಾ ಅಂತ ಗೊತ್ತಾತಲ್ಲ ಈಗ," ಎಂದಳು.

ಅವಳು ತಾಟನ್ನು ನೋಡಿದಳು, ನನ್ನನ್ನು ನೋಡಿದಳು.

"ಉಣ್ತೀನ್ರಿ," ಎಂದಳು. "ಆದ್ರ ಇವರಿಗಿ ಆ ಕಡೀ ಮುಖ ಮಾಡಂತ ಹೇಳ್ರಿ."

ನಾನು ಎದ್ದು ಗೋಡೆಯ ಕಡೆ ತಿರುಗಿ ನಿಂತೆ. ಆಮೇಲೆ ಬೆನ್ನ ಹಿಂದೆ ರೊಟ್ಟಿ ಮುರಿಯುವ ಸಣ್ಣ ಸದ್ದು ಬಂತು. ಅವಳು ಉಂಡು ಕೈ ತೊಳೆಯುವವರೆಗೂ ನಾನು ತಿರುಗಲಿಲ್ಲ.