ಕಾಕಾ ಹುಡುಕಿದ ಪಾಪ್ಲೀನ್ ಚಿಟ್ಟೆ

ಕಾಕಾನ ಎಡ ಹೆಗಲ ಮೇಲೆ ಯಾವಾಗಲೂ ನಾಲ್ಕೈದು ಬ್ಲೌಸ್ ಪೀಸುಗಳು ಜೋತಾಡುತ್ತಿದ್ದವು. ಗಿರಾಕಿ ತಂದ ಸೀರೆಗೆ ಹೊಂದುವ ಬಟ್ಟೆ ಹುಡುಕುವಾಗ ಒಂದೊಂದನ್ನೇ ಹೆಗಲಿಗೆ ಹಾಕಿಕೊಳ್ಳುತ್ತ ಹೋಗಿ, ಹೊಂದಿದ್ದನ್ನು ಕೊಟ್ಟು ಉಳಿದವನ್ನು ಅಲ್ಲೇ ಮರೆತುಬಿಡುತ್ತಿದ್ದರು. ಹಾಗೆಯೇ ಚಹಾ ಕುಡಿಯಲು ಹೋಗುತ್ತಿದ್ದರು, ಹಾಗೆಯೇ ಮನೆಗೆ ಊಟಕ್ಕೂ. ಒಮ್ಮೆ ಪರಿಚಯದವರ ಮದುವೆಯಲ್ಲಿ ಐದು ಬಗೆಯ ಹಸಿರನ್ನು ಹೆಗಲ ಮೇಲೆ ಹೊತ್ತು ಪಂಕ್ತಿಯಲ್ಲಿ ಕೂತಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಬಡಿಸುವವನು ಇವರನ್ನು ಯಾವುದೋ ಮಠದವರೆಂದುಕೊಂಡು ಎರಡು ಹೋಳಿಗೆ ಹೆಚ್ಚಿಗೆ ಹಾಕಿದ. ಕಾಕಾ ಬೇಡವೆನ್ನಲಿಲ್ಲ.

ತೆಲುಗು ನಾಡಿನ ಕೂಕಟ್‌ಪಲ್ಲಿಯ ಮೆಟ್ರೊ ಕಂಬಗಳ ಬದಿಯಲ್ಲಿ ಅವರದೊಂದು ಮ್ಯಾಚಿಂಗ್ ಸೆಂಟರ್ ಇತ್ತು. ಸೀರೆಗೆ ಹೊಂದುವ ಬ್ಲೌಸ್ ಬಟ್ಟೆ, ಲೈನಿಂಗು, ಫಾಲಿನ ಪಟ್ಟಿ ಕೊಡುವ ಅಂಗಡಿ. ಮೂರು ಗೋಡೆಗಳೂ ನೆಲದಿಂದ ಸೂರಿನವರೆಗೆ ಬರೀ ಬಣ್ಣ. ಮೂಲೆಯಲ್ಲಿ ಸೀರೆಯ ಅಂಚು ಹೊಲಿಯುವ ಪಿಕೋ ಮಷಿನ್ನಿನ ಮುಂದೆ ಅವರ ಹೆಂಡತಿ. ಇಬ್ಬರೂ ಗುಳೇದಗುಡ್ಡದವರು, ಕಾಕಾನ ತಂದೆ ರವಿಕೆಯ ಖಣ ನೇಯುತ್ತಿದ್ದರಂತೆ. ನಾನು ಮಂಡ್ಯ ಕಡೆಯವಳು, ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ. ಅವರ ಕನ್ನಡ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನ ಕನ್ನಡ ಅವರಿಗೆ ಸಪ್ಪೆ ಸಾರಿನಂತೆ ಕೇಳುತ್ತಿತ್ತಂತೆ. ಆದರೂ ಎರಡನೆಯ ಸೀರೆಯ ಹೊತ್ತಿಗೆ ಅವರು ನನಗೆ ಕಾಕಾ ಆಗಿದ್ದರು, ಅವರ ಹೆಂಡತಿ ಕಾಕು ಆಗಿದ್ದರು.

ಅಂಗಡಿಯ ಒಳಗೆ ನಿಂತು ಬಣ್ಣ ಒಪ್ಪುವ ಜಾಯಮಾನ ಕಾಕಾನದಲ್ಲ. "ಟ್ಯೂಬ್‌ಲೈಟಿನ ಕೆಳಗ ಎಲ್ಲಾ ಬಣ್ಣಾನೂ ಸುಳ್ಳ ಹೇಳ್ತಾವ್ರಿ" ಎಂದು ಸೀರೆಯನ್ನೂ ಪೀಸನ್ನೂ ಹಿಡಿದು ಬೀದಿಗೆ ಇಳಿಯುತ್ತಿದ್ದರು. ಮೆಟ್ರೊ ಬಂದ ಮೇಲೆ ಅಂಗಡಿಯ ಮುಂದೆ ನೆರಳು ಬಿದ್ದು, ಬಿಸಿಲಿಗಾಗಿ ಪಕ್ಕದ ಗಲ್ಲಿಯವರೆಗೂ ನಡೆಯಬೇಕಾಯಿತು. ತಮ್ಮ ಪಟ್ಟೆ ಸೀರೆ ಆಟೊಗಳ ನಡುವೆ ತೂರಿ ಹೋಗುವುದನ್ನು ಕಂಡು ಗಾಬರಿಯಾದ ಹೆಂಗಸರು ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆ ಓಡುತ್ತಿದ್ದರು. ಗಲ್ಲಿಯಲ್ಲಿ ಎರಡನ್ನೂ ಸೂರ್ಯನಿಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಕೂಡಿತು" ಎಂದರೆ ಅಲ್ಲಿಗೆ ಮುಗಿಯಿತು.

ನನಗೆ ಚಿಟ್ಟೆಗಳ ಫೋಟೊ ತೆಗೆಯುವ ಹುಚ್ಚು. ಆ ಹುಚ್ಚಿನ ಜೊತೆಗೆ ಸ್ವಲ್ಪ ಜಂಬವೂ ಇತ್ತು ಎಂದು ಈಗ ಒಪ್ಪಿಕೊಳ್ಳಬಹುದು. ಒಳ್ಳೆಯ ಲೆನ್ಸು, ಕಂಠಪಾಠವಾದ ಹೆಸರುಗಳು, ನೋಡಿದ್ದಕ್ಕೆ ಗುರುತು ಹಾಕಿಕೊಳ್ಳುವ ಪಟ್ಟಿ. ಒಂದು ದಿನ ಕ್ಯಾಮೆರಾದಲ್ಲಿ ಒಂದೆರಡು ಚಿತ್ರ ತೋರಿಸಿದೆ. ಕಾಕಾ ಬಹಳ ಹೊತ್ತು ನೋಡಿ ಕೇಳಿದರು: "ತಂಗಿ, ಈ ನಮೂನಿ ಡೈ ಯಾರು ಮಾಡ್ಯಾರ?"

ಮುಂದಿನ ಭಾನುವಾರದಿಂದ ನನ್ನ ಸ್ಕೂಟರಿನ ಹಿಂದಿನ ಸೀಟು ಅವರದಾಯಿತು. ಕ್ಯಾಮೆರಾವನ್ನು ಅವರು ಒಮ್ಮೆಯೂ ಕೈಗೆ ತೆಗೆದುಕೊಳ್ಳಲಿಲ್ಲ. ಬಂಡೆಯ ಮೇಲೆ ಕೂತು ನೋಡುವುದಷ್ಟೇ ಅವರ ಕೆಲಸ. ನಾನು ಪುಸ್ತಕದ ಹೆಸರು ಹೇಳಿದರೆ ಅವರು ಅಂಗಡಿಯ ಹೆಸರು ಹೇಳುತ್ತಿದ್ದರು. "ಆ ಅಂಗೂರಿ ಹಸರು ಹೊಂಟಿತು ನೋಡು. ಇದು ರಾಣಿ ಬಣ್ಣಕ್ಕ ಕರೀ ಪೈಪಿಂಗ್ ಕೊಟ್ಟಾಂಗ ಐತಿ." ಚಿಟ್ಟೆಗೆ ಪಾತರಗಿತ್ತಿ ಎನ್ನುವ ಅವರ ಸೀಮೆಯ ಮಾತು ನನ್ನ ಬಾಯಿಗೂ ಹತ್ತಿತು.

ಒಂದು ಮಳೆಗಾಲದಲ್ಲಿ ಅವರು ಎರಡು ಭಾನುವಾರ ತಪ್ಪಿಸಿದರು. ಅಂಗಡಿಗೆ ಹೋದೆ. ಕಾಕಾ ಮೂಲೆಯಲ್ಲಿ ಫಾಲುಗಳ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಹೆಗಲು ಖಾಲಿ ಇತ್ತು. ಗಿರಾಕಿಗಳಿಗೆ ಬಟ್ಟೆ ತೆಗೆಯುತ್ತಿದ್ದವರು ಕಾಕು. ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಹೇಳಿದರು.

"ಒಬ್ಬಾಕಿ ಕರೀ ಸೀರಿಗೆ ಪೀಸ್ ಒಯ್ದಿದ್ಳು. ಹೊಲಿಸಿ, ಉಟ್ಕೊಂಡು, ನಾಲ್ಕು ಮಂದ್ಯಾಗ ಬಿಸಿಲಿಗೆ ನಿಂತಾಗ ನೋಡಿದ್ರ ಅದು ಗಾಢ ನೀಲಿ. ಬಂದು ಸುಮ್ನ ಕೌಂಟರ್ ಮ್ಯಾಲ ಇಟ್ಳು. ಜಗಳ ಆಡಿದ್ರರ ಚಲೋ ಇತ್ತು. ಇವರು ಎರಡೂ ತಗೊಂಡು ಗಲ್ಲಿಗೆ ಹೋದ್ರು, ಹೊಳ್ಳಿ ಬಂದ್ರು. ನನಗ ಎರಡೂ ಕರೀನ ಕಾಣಾಕತ್ತಾವ ಅಂದ್ರು. ಅಂಗಡಿ ಮುಚ್ಚಿಬಿಡೂಣು ಅನ್ನಾಕತ್ತಾರವ್ವಾ."

ಕಣ್ಣಿನ ಡಾಕ್ಟರ ಹತ್ತಿರ ಹೋಗಲು ಅವರು ಬಿಲ್‌ಕುಲ್ ಒಪ್ಪಿರಲಿಲ್ಲ. ನಾನೂ ಹೇಳಿ ನೋಡಿದೆ. "ಹೋದ್ರ ಮುಗೀತು ಅಂತ ಹೇಳಿಬಿಡ್ತಾರ. ಹೋಗದಿದ್ರ ಯಾರೂ ಹೇಳಿಲ್ಲಲಾ" ಎಂದರು. ಬಣ್ಣ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮನುಷ್ಯನಿಂದ ಬಣ್ಣವೇ ಜಾರಿಹೋಗುತ್ತಿದ್ದರೆ ಏನು ಹೇಳುವುದು? ಕಾಕು ಮಾತ್ರ, "ಇವರನ್ನ ಒಂದಿನ ಹೊರಗರ ಕರಕೊಂಡು ಹೋಗು" ಎಂದರು. ಹೆಚ್ಚುಕಡಿಮೆ ಎಳೆದುಕೊಂಡೇ ಹೋದೆ.

ನರ್ಸಾಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಒಳಗೆ ತಿರುಗಿದರೆ ಬಂಡೆಗಳು, ಸೀತಾಫಲದ ಗಿಡಗಳು, ನಡುನಡುವೆ ಕುರುಚಲು. ಮಳೆ ಬಿಟ್ಟು ಬಿಸಿಲು ಬಂದಿತ್ತು. ಎಲ್ಲಿ ನೋಡಿದರೂ ಕೇಸರಿ ರೆಕ್ಕೆಗೆ ಕಪ್ಪು ಚುಕ್ಕೆ ಇರುವ ಚಿಟ್ಟೆಗಳು. ಇವುಗಳ ಹೆಸರು ಟಾನಿ ಕೋಸ್ಟರ್, ಊರೆಲ್ಲ ಸಿಗುತ್ತವೆ, ಇವಕ್ಕೆ ಬ್ಯಾಟರಿ ದಂಡ ಮಾಡಬಾರದು ಎಂದು ಕಾಕಾನಿಗೆ ವಿವರಿಸಿದೆ. ಅವರು ಹೂಂ ಎಂದು ಒಂದು ಬಂಡೆಯ ಬುಡದಲ್ಲಿ ಕೂತರು. ನಾನು ಬೇರೆ ಕಡೆ ಸುತ್ತಾಡಿ ಬಂದೆ.

"ತಂಗಿ, ಆ ಬಳ್ಳಿ ಮ್ಯಾಲ ಕುಂತದ್ದು ಬ್ಯಾರೆ ಐತಿ."

"ಇಲ್ಲ ಕಾಕಾ, ಅದೂ ಅದೇ. ಬೆಳಗಿನಿಂದ ಇಪ್ಪತ್ತು ನೋಡಿದ್ವಲ್ಲ."

"ಅಲ್ಲ."

"ಅದೇ ಕೇಸರಿ, ಅದೇ ಕಪ್ಪು ಚುಕ್ಕೆ." ಹೇಳಲು ನಾಚಿಕೆಯಾಗುತ್ತದೆ, ನಾನು ಲೆನ್ಸಿನ ಮುಚ್ಚಳ ಸಹ ತೆಗೆಯಲಿಲ್ಲ. ಅವರ ಕಣ್ಣಿನ ವಿಷಯ ಗೊತ್ತಿತ್ತಲ್ಲ, ಪಾಪ ಎಂದುಕೊಂಡೆ.

ಕಾಕಾನಿಗೆ ಸಿಟ್ಟು ಬಂತು. "ಬಣ್ಣದ ಮಾತು ನಾ ಆಡಂಗಿಲ್ಲ ಬಿಡು. ಬಟ್ಟಿ ನೋಡವ್ವಾ! ಅವು ಇಪ್ಪತ್ತೂ ಜಾರ್ಜೆಟ್ಟು. ಬಿಸಿಲು ಹಾದು ಈ ಕಡಿಗೆ ಬರತೈತಿ. ಇದು ಪಾಪ್ಲೀನು. ಬಿಸಿಲು ತಡೀತೈತಿ."

ಅವರ ಸಮಾಧಾನಕ್ಕೆಂದು ಕ್ಯಾಮೆರಾ ಎತ್ತಿದೆ. ಲೆನ್ಸನ್ನು ಬಳ್ಳಿಯತ್ತ ತಿರುಗಿಸಿ ನೋಡಿದೆ. ಕೋಸ್ಟರಿನ ರೆಕ್ಕೆ ನಿಜಕ್ಕೂ ತೆಳು, ಎಣ್ಣೆ ಕಾಗದದಂತೆ. ಇದು ದಪ್ಪ, ತುಂಬು ಕೇಸರಿ, ಚುಕ್ಕೆಗಳ ಸಾಲೂ ಬೇರೆ. ಪುಸ್ತಕದಲ್ಲಿ ಮಾತ್ರ ನೋಡಿದ್ದ, ನಮ್ಮ ಚಿಟ್ಟೆ ಹುಚ್ಚಿನ ಬಳಗದವರು ವರ್ಷಗಳಿಂದ ಹುಡುಕುತ್ತಿದ್ದ ಚಿಟ್ಟೆ. ನಾನು ಬುದ್ಧಿ ಇಲ್ಲದವಳಂತೆ ಧಡಕ್ಕನೆ ಎದ್ದು ಮುಂದೆ ನುಗ್ಗಿದೆ. ನನ್ನ ನೆರಳು ಬಳ್ಳಿಯ ಮೇಲೆ ಬಿತ್ತು. ಚಿಟ್ಟೆ ಹಾರಿಹೋಯಿತು.

ಅಳುವುದೊಂದು ಬಾಕಿ. ಕಾಕಾ ಮಾತ್ರ ಅಂಗಡಿಯಲ್ಲಿ ಇದ್ದಷ್ಟೇ ನಿರಾಳವಾಗಿದ್ದರು. "ಗಿರಾಕಿ ಬಾಗಲಕ್ಕ ಬಂದಾಗ ಮೈಮ್ಯಾಲ ಬೀಳಬಾರದವ್ವಾ, ಹೊಳ್ಳಿ ಹೋಗ್ತಾಳ. ಸುಮ್ನ ಕುಂದ್ರು. ಆ ಬಳ್ಳಿ ಮ್ಯಾಲ ಅಕೀದು ಏನೋ ಕೆಲಸ ಐತಿ. ಮತ್ತ ಬರ್ತಾಳ."

ಕೂತೆವು. ಅದು ಮುಟ್ಟಿದರೆ ತುರಿಸುವ ಬಳ್ಳಿ. ಅದರ ಇನ್ನೊಂದು ಕುಡಿ ಕಾಕಾನ ಮೊಣಕೈಗೆ ತಗುಲಿ ಚರ್ಮವೆಲ್ಲ ಕೆಂಪಾಗಿ ಉಬ್ಬಿತ್ತು. ಅವರು ಅಲ್ಲಾಡಲಿಲ್ಲ, ಕೆರೆದುಕೊಳ್ಳಲೂ ಇಲ್ಲ, ಹಲ್ಲು ಕಚ್ಚಿ ಕೂತರು. ಹೆಚ್ಚುಕಡಿಮೆ ಒಂದು ಗಂಟೆ. ನಾನು ನಾಲ್ಕು ಸಲ "ಹೋಗೋಣ ಕಾಕಾ" ಎಂದೆ, ಅವರು ನಾಲ್ಕು ಸಲವೂ ಕಣ್ಣಲ್ಲೇ ಗದರಿಸಿದರು.

ಅವಳು ಬಂದಳು. ನೆಲಮಟ್ಟದಲ್ಲಿ ಹಾರಿ ಬಂದು ಅದೇ ಬಳ್ಳಿಯ ಎಲೆಗಳ ಮೇಲೆ ಒಂದೊಂದಾಗಿ ಮೊಟ್ಟೆ ಇಟ್ಟಳು. ಕಾಕಾ ಹೇಳಿದ ಕೆಲಸ ಅದೇ ಆಗಿತ್ತು. ನಾನು ಉಸಿರು ಬಿಗಿಹಿಡಿದು ಮೊಣಕಾಲ ಮೇಲೆ ತೆವಳಿದೆ, ಈ ಸಲ ನೆರಳನ್ನು ಹಿಂದೆ ಬಿಟ್ಟು. ಇಂಥ ಚಿಟ್ಟೆಯನ್ನು ಗುರುತಿಸಲು ರೆಕ್ಕೆಯ ಕೆಳಮೈ ಕಾಣಲೇಬೇಕು, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ. ಅವಳು ಕೆಲಸ ಮುಗಿಸಿ, ದಣಿದವಳಂತೆ ರೆಕ್ಕೆ ಮುಚ್ಚಿದಳು. ಕಂದುಗೇಸರಿಯ ಮೇಲೆ ಬೆಳ್ಳಗಿನ ಪಟ್ಟಿಗಳು, ಅವುಗಳ ನಡುವೆ ಕರಿ ಚುಕ್ಕೆಗಳ ಸಾಲು.

"ಅಸ್ತರ ನೋಡವ್ವಾ, ಅಸ್ತರ!" ಹಿಂದಿನಿಂದ ಕಾಕಾ ಪಿಸುಗುಟ್ಟಿದರು. "ಮ್ಯಾಲಿನ ಬಟ್ಟಿಗಿಂತ ಒಳಗಿನ ಅಸ್ತರಾನ ಭಾರಿ ಐತಲ್ಲಾ!"

ಹನ್ನೊಂದು ಚಿತ್ರ ಸಿಕ್ಕಿತು. ಅವಳು ಹಾರಿಹೋದ ಮೇಲೆ ಕಾಕಾ ಎದ್ದು ನಿಂತು, ಮೊಣಕೈಯನ್ನು ಬಂಡೆಗೆ ಉಜ್ಜಿ ಉಜ್ಜಿ ಕೆರೆದುಕೊಂಡರು. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಇಂಗ್ಲಿಷಿನಲ್ಲಿ ಇದನ್ನು ಜೋಕರ್ ಎನ್ನುತ್ತಾರೆ ಎಂದೆ. "ಹೆಸರಿಟ್ಟಾವ ಒಮ್ಮಿನೂ ಅಸ್ತರ ನೋಡಿಲ್ಲ ಬಿಡು" ಎಂದರು.

ಮರಳುವಾಗ, ಮನೆ ಹತ್ತಿರ ಬಂದಾಗ, ಸಿಗ್ನಲಿನಲ್ಲಿ ನಿಂತಾಗ, ಹಿಂದಿನಿಂದ ಹೇಳಿದರು: "ತಂಗಿ, ನಾಳೆ ದವಾಖಾನಿಗೆ ಹೋಗೂಣು. ಏನೂ ಉಳಿದಿಲ್ಲ ಅಂತ ತಿಳಕೊಂಡಿದ್ದೆ. ಒಂದೀಟು ಉಳದೈತಿ. ಉಳದದ್ದಕ್ಕ ರಿಪೇರಿ ಮಾಡಸೂಣು."

ನಾನು ಹೆಲ್ಮೆಟ್ಟಿನೊಳಗೆ ಅತ್ತೆ. ಹಸಿರು ಬಿದ್ದದ್ದೂ ಗೊತ್ತಾಗಲಿಲ್ಲ, ಹಿಂದಿನ ಆಟೊದವನು ತೆಲುಗಿನಲ್ಲಿ ನಮ್ಮಿಬ್ಬರ ವಂಶವನ್ನೂ ವಿಚಾರಿಸಿಕೊಂಡ.

ಡಾಕ್ಟರು ಎರಡು ನಿಮಿಷ ನೋಡಿ ನಕ್ಕರು. ಪೊರೆ ಬಂದಿತ್ತು, ಅಷ್ಟೆ. ಮೊದಲು ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿದ ಮರುದಿನ ಕಾಕಾ ಅಂಗಡಿಯ ನಡುವೆ ನಿಂತು ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಗೋಡೆಗಳನ್ನು ನೋಡಿದರು. "ಈ ಕಣ್ಣಾಗ ಬೆಳ್ಳಗ ಐತಿ, ಆ ಕಣ್ಣಾಗ ಚಹಾ ಚೆಲ್ಲಿದಾಂಗ ಐತಿ. ಎಷ್ಟು ವರ್ಷ ಚಹಾದಾಗ ಮ್ಯಾಚಿಂಗ್ ಮಾಡೀನಿ ನಾನು!" ಎಂದು ತಲೆ ಮೇಲೆ ಕೈಹೊತ್ತರು. ಎರಡು ದಿನ ಅಂಗಡಿ ಮುಚ್ಚಿ ಕಪಾಟುಗಳನ್ನೆಲ್ಲ ಹೊಸದಾಗಿ ಜೋಡಿಸಿದರು. ಮೂರನೆಯ ದಿನ ಬಾಗಿಲಲ್ಲಿ ತೆಲುಗಿನ ಬೋರ್ಡು ಬಿತ್ತು: ಇಲ್ಲಿ ಕಪ್ಪು ಅಥವಾ ನೀಲಿ ಕೊಂಡವರು ದಯವಿಟ್ಟು ತಂದು ಇನ್ನೊಮ್ಮೆ ತೋರಿಸಿ. ಕಾಕು ಆ ಬೋರ್ಡನ್ನು ಎರಡು ಸಲ ಕಿತ್ತರು, ಕಾಕಾ ಮೂರು ಸಲ ಹಾಕಿದರು.

ನಮ್ಮ ಚಿಟ್ಟೆ ಬಳಗಕ್ಕೆ ಆ ಚಿತ್ರ ಕಳಿಸುವಾಗ ಕೆಳಗೆ ಬರೆದೆ: ಕಂಡುಹಿಡಿದವರು ಕಾಕಾ, ಬೇಡವೆಂದವಳು ನಾನು. ಬಳಗದ ಹಿರಿಯರೊಬ್ಬರು ಕಾಕಾನಿಗೇ ಫೋನ್ ಮಾಡಿ, ಅಷ್ಟು ಕೋಸ್ಟರುಗಳ ನಡುವೆ ಹೇಗೆ ತಿಳಿಯಿತೆಂದು ಕೇಳಿದರು. ಕಾಕಾ ತೆಲುಗಿನಲ್ಲಿ ಅರ್ಧ ಗಂಟೆ ಜಾರ್ಜೆಟ್ಟು ಪಾಪ್ಲೀನುಗಳ ಪಾಠ ಮಾಡಿ, ಕೊನೆಗೆ ಆ ಹಿರಿಯರ ಹೆಂಡತಿಯ ಸೀರೆಗಳನ್ನು ಅಂಗಡಿಗೆ ತರಲು ಹೇಳಿದರು.

ಎರಡೂ ಕಣ್ಣು ಸರಿಯಾದ ಮೇಲೆ ಭಾನುವಾರಗಳಲ್ಲಿ ಅವರ ಜೊತೆ ಹೋಗುವುದು ನಿಜವಾಗಿ ಕಷ್ಟವಾಯಿತು. ಪ್ರಪಂಚದ ಬಣ್ಣಗಳು ಅವರಿಗೆ ಹೊಸದಾಗಿ ಬಂದಿದ್ದವು. ಹಾರಿದ್ದೆಲ್ಲ ಅಪರೂಪ. "ತಂಗಿ, ಇದು ಬ್ಯಾರೆ ಐತಿ!" ಎನ್ನುವರು. ಅದು ಕೋಸ್ಟರ್. ಹತ್ತು ಹೆಜ್ಜೆ ಹೋದರೆ ಮತ್ತೆ, "ಇದು ಖರೇನ ಬ್ಯಾರೆ!" ಅದೂ ಕೋಸ್ಟರ್. ಒಮ್ಮೆ ಇಲ್ಲವೆಂದು ಮುಖಭಂಗ ಮಾಡಿಕೊಂಡ ನನಗೆ ಇನ್ನೊಮ್ಮೆ ಇಲ್ಲವೆನ್ನುವ ಧೈರ್ಯವೆಲ್ಲಿಂದ ಬರಬೇಕು? ಬ್ಯಾಟರಿ ಮುಗಿಯುವವರೆಗೆ ಎಲ್ಲವನ್ನೂ ತೆಗೆಯುತ್ತಿದ್ದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಅವರು ಹೇಳಿದ ಬಣ್ಣದ ಹೆಸರಿನಲ್ಲೇ ಉಳಿಸುತ್ತಿದ್ದೆ: ಗಜರಿ, ಅಬೋಲಿ, ಹಳೇ ಇಟ್ಟಿಗೆ, ಬಿಸಿಲಿಗೆ ಒಣಗಿದ ಮೆಣಸಿನಕಾಯಿ.

ಹೀಗೆ ಮೂರು ವರ್ಷ ನಡೆಯಿತು. ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಕಾಕಾ ಊಟ ಮಾಡಿ ಮಲಗಿದವರು ಏಳಲಿಲ್ಲ. ಅಂಗಡಿಯನ್ನು ಈಗ ಕಾಕು ನಡೆಸುತ್ತಾರೆ, ಚೆನ್ನಾಗಿಯೇ ನಡೆಸುತ್ತಾರೆ.

ಆ ಕೋಸ್ಟರುಗಳು ನನ್ನ ಕಂಪ್ಯೂಟರಿನಲ್ಲಿ ನಾನೂರಕ್ಕೂ ಹೆಚ್ಚಿವೆ. ಪುಸ್ತಕದ ಪ್ರಕಾರ ಎಲ್ಲ ಒಂದೇ ಜಾತಿ, ಯಾವುದಕ್ಕೂ ಬೆಲೆಯಿಲ್ಲ. ಕಾಕಾ ಹೋದ ಮೇಲೆ ಒಂದು ರಜೆಯ ದಿನ, ಒಂದೇ ತರಹದವನ್ನಾದರೂ ಅಳಿಸೋಣವೆಂದು ಬೆಳಗಿನಿಂದ ಸಂಜೆಯವರೆಗೆ ಎರಡೆರಡನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಒಂದನ್ನೂ ಅಳಿಸಲಾಗಲಿಲ್ಲ. ಎರಡು ಒಂದೇ ತರಹದವು ಸಿಗಲೇ ಇಲ್ಲ.